ಕೋಣೆ ಕ್ಲೀನ್ ಮಾಡು ಅಂದರೆ ಮಗುವಿಗೆ ಏನು ಅರ್ಥವಾಗಬೇಕು?

ಮೊಮ್ಮಗನಿಗೆ ಆಗ ನಾಲ್ಕು ವರ್ಷ. "ಹೋಗು, ನಿನ್ನ ಕೋಣೆ ಕ್ಲೀನ್ ಮಾಡು" ಅಂತ ಗದರಿಸಿ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಹರಡಿದ ಆಟಿಕೆಗಳ ಮಧ್ಯೆ ಒಂದೇ ಒಂದು ಕಾಲುಚೀಲ ಹಿಡಿದುಕೊಂಡು ಸುಮ್ನೆ ಕೂತಿದ್ದ. ಕಣ್ಣಲ್ಲಿ ನೀರು. ಅದು ಸೋಮಾರಿತನ ಅಲ್ಲ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗಿರಲಿಲ್ಲ ಪಾಪ. ನಮಗೆ ಅದು ಒಂದು ಕೆಲಸ, ಆ ಮಗುವಿಗೆ ಅದರೊಳಗೆ ಐವತ್ತು ಕೆಲಸ.

ಅವತ್ತಿನಿಂದ ನಾನು ಕೋಣೆಯ ಮಾತೇ ಎತ್ತುತ್ತಿರಲಿಲ್ಲ. "ಕಾರುಗಳನ್ನೆಲ್ಲ ಈ ಬುಟ್ಟಿಗೆ ಹಾಕು" ಅಷ್ಟೇ. ಅದು ಮುಗಿದ ಮೇಲೆ ಪುಸ್ತಕ, ಆಮೇಲೆ ಬಟ್ಟೆ. ಜೊತೆಯಲ್ಲಿ ಕೂತು ನೀವೂ ನಾಲ್ಕು ಹಾಕಿದರೆ ಎರಡು ವರ್ಷದ ಮಗು ಕೂಡ ಖುಷಿಯಿಂದ ಮಾಡುತ್ತದೆ. ಬಾಗಿಲಲ್ಲಿ ನಿಂತು ಕೂಗಿದರೆ ಹತ್ತು ವರ್ಷದ್ದೂ ಮಾಡುವುದಿಲ್ಲ.

ಇನ್ನೊಂದು, ಒಮ್ಮೆ ಆ ಕೋಣೆಯ ನೆಲದ ಮೇಲೆ ಕೂತು ಸುತ್ತ ನೋಡಿ. ನಾನು ಕೂತಾಗಲೇ ಗೊತ್ತಾಗಿದ್ದು, ಪುಸ್ತಕದ ಶೆಲ್ಫ್ ಅವನ ತಲೆಗಿಂತ ಮೇಲಿತ್ತು, ಆಟಿಕೆ ಡಬ್ಬದ ಮುಚ್ಚಳ ನನಗೇ ಬಿಗಿ. ಹಾಗಿದ್ದರೆ ಅವನು ಎಲ್ಲಿಡಬೇಕು ಹೇಳಿ? ಮುಚ್ಚಳ ಇಲ್ಲದ, ಅಗಲ ಬಾಯಿಯ ಬುಟ್ಟಿಗಳನ್ನು ಕೆಳಗೇ ಇಡಿ. ಓದಲು ಬಾರದ ಮಗುವಾದರೆ ಹೆಸರಿನ ಬದಲು ಚಿತ್ರ ಅಂಟಿಸಿ. ಭಾರದ ಮುಚ್ಚಳದ ಪೆಟ್ಟಿಗೆ ಬೇಡವೇ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ಶೆಲ್ಫ್, ಬೀರು, ಡ್ರಾಯರ್ ಇರುವ ಮೇಜು ಯಾವುದೇ ಇರಲಿ, ಗೋಡೆಗೆ ಬಿಗಿಯಾಗಿ ಸ್ಕ್ರೂ ಹಾಕಿಸಿ. ಮೇಲಿನ ವಸ್ತು ಬೇಕಾದಾಗ ಮಕ್ಕಳು ಡ್ರಾಯರ್‌ಗಳನ್ನು ಎಳೆದು ಮೆಟ್ಟಿಲ ಹಾಗೆ ಹತ್ತುತ್ತಾರೆ, ಆಗ ಇಡೀ ಬೀರು ಮೈಮೇಲೆ ಬೀಳಬಹುದು. ಇದೊಂದನ್ನು ನಾಳೆಗೆ ಅಂತ ಬಿಡಬೇಡಿ, ದಯವಿಟ್ಟು.

ಎತ್ತಿಡುವಾಗ ಸಣ್ಣ ಚೂರುಗಳ ಕಡೆ ಕಣ್ಣಿರಲಿ. ಮನೆಯಲ್ಲಿ 3 ವರ್ಷದ ಒಳಗಿನ ಕೂಸಿದ್ದರೆ ಅಣ್ಣನ ಸಣ್ಣ ಆಟಿಕೆಗಳಿಗೆ ಬೇರೆ ಡಬ್ಬ, ಬೇರೆ ಜಾಗ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಹಾಕುವ ಆಟಿಕೆಯ ಹಿಂದಿನ ಮುಚ್ಚಳ ಸಡಿಲವಾಗಿದೆಯಾ ನೋಡಿ. ಆ ಬ್ಯಾಟರಿ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ಸುಟ್ಟು ಗಾಯ ಮಾಡಬಲ್ಲದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ತಕ್ಷಣ ಆಸ್ಪತ್ರೆಗೆ ಓಡಿ.

ಆಟಿಕೆ ಜಾಸ್ತಿ ಇದ್ದಷ್ಟೂ ರಗಳೆ ಜಾಸ್ತಿ. ಅರ್ಧದಷ್ಟನ್ನು ಕಟ್ಟಿ ಮೇಲಿಡಿ, ಎರಡು ಮೂರು ವಾರಕ್ಕೊಮ್ಮೆ ಬದಲಾಯಿಸಿ, ಹಳೆಯದೇ ಹೊಸದರ ಹಾಗೆ ಕಾಣುತ್ತದೆ.

ನಿದ್ದೆಗೆ ತೂಕಡಿಸುವ ಹೊತ್ತಿಗೆ ಈ ಕೆಲಸ ಹೇಳಬೇಡಿ, ಅಳು ಗ್ಯಾರಂಟಿ. ಊಟಕ್ಕೆ ಮುಂಚೆ ಹತ್ತು ನಿಮಿಷ ಸಾಕು. ಅದಕ್ಕೂ ಐದು ನಿಮಿಷ ಮೊದಲು "ಇನ್ನು ಸ್ವಲ್ಪ ಹೊತ್ತಿಗೆ ಎತ್ತಿಡೋಣ" ಅಂತ ಒಂದು ಮಾತು ಹೇಳಿಡಿ. ಆಟದ ನಡುವೆ ಥಟ್ಟಂತ ಎಬ್ಬಿಸಿದರೆ ನಮಗಾದರೂ ಸಿಟ್ಟು ಬರುತ್ತದೆ, ಅಲ್ವಾ?

ನಾನು ಒಂದು ತಪ್ಪು ಮಾಡಿದೆ. ಅವನು ಮಡಚಿಟ್ಟ ಅಂಗಿ ಉಂಡೆಯ ಹಾಗಿತ್ತು, ಅವನ ಕಣ್ಣೆದುರೇ ಬಿಚ್ಚಿ ಮತ್ತೆ ಮಡಚಿದೆ. ಮಾರನೆಯ ದಿನ ಅಂಗಿ ನೆಲದ ಮೇಲೇ ಇತ್ತು. "ನೀನೇ ಮಾಡ್ತೀಯಲ್ಲ ಅಜ್ಜಿ" ಅಂದ. ಆಮೇಲೆ ಉಂಡೆಯಾದರೂ ಸರಿ, ಅವನು ಇಟ್ಟ ಹಾಗೇ ಬಿಟ್ಟೆ.

ಅರ್ಧ ಕಟ್ಟಿದ ಕೋಟೆಯನ್ನು ಮಾತ್ರ ಕೆಡವಿಸಬೇಡಿ. ಅಗಲವಾದ ಹಲಗೆಯ ಮೇಲೆ ಕಟ್ಟಲು ಹೇಳಿ. ನಮ್ಮವನು ರಾತ್ರಿ ಅದನ್ನು ಎರಡು ಕೈಯಿಂದ ಮೆಲ್ಲಗೆ ಮಂಚದ ಕೆಳಗೆ ತಳ್ಳಿ, ಒಮ್ಮೆ ಬಗ್ಗಿ ನೋಡಿ, ಆಮೇಲೆ ಮಲಗುತ್ತಿದ್ದ.