ಹಾಲಿಡೇ ಮೆಂಬರ್‌ಶಿಪ್‌: ಸಹಿ ಹಾಕಿದ ಮೇಲೆ ಬಿಡಿಸಿಕೊಳ್ಳುವುದು ಹೇಗೆ?

ಮಾಲ್‌ನಲ್ಲೋ ಪೆಟ್ರೋಲ್ ಬಂಕಿನಲ್ಲೋ ಕೂಪನ್ ತುಂಬಿಸಿಕೊಳ್ಳುತ್ತಾರೆ. "ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು" ಎಂದು ಹೋಟೆಲಿಗೆ ಕರೆಸಿ, ಎರಡು ಮೂರು ತಾಸು ಕೂಡಿಸಿ, ಹಣ ಕಟ್ಟಿದರೆ ವರ್ಷಕ್ಕಿಷ್ಟು ದಿನ ರೆಸಾರ್ಟಿನಲ್ಲಿ ಉಳಿಯಬಹುದು ಎಂಬ ಹಾಲಿಡೇ ಮೆಂಬರ್‌ಶಿಪ್ (ಟೈಮ್‌ಶೇರ್) ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಲಬುರಗಿ, ಬೀದರ್ ಕಡೆಯವರು ಹೈದರಾಬಾದಿಗೆ ಹೋದಾಗ ಸಿಕ್ಕಿಬೀಳುವುದೂ ಉಂಟು.

ಮೊದಲು ಕರಾರಿನ ತಾರೀಖು ನೋಡಿ. ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಯುರೋಪಿನ ಗ್ರಾಹಕರಿಗೆ ಕಾನೂನೇ ಕೊಟ್ಟಿರುವ 14 ದಿನಗಳ ವಾಪಸಾತಿ ಅವಕಾಶ ಇಲ್ಲಿ ಸಿಗುವುದಿಲ್ಲ. ಆದರೆ ಕೆಲವು ಕಂಪನಿಗಳು ರದ್ದು ಮಾಡಲು ತಾವೇ 10 ದಿನಗಳಷ್ಟು ಗಡುವು ಬರೆದಿರುತ್ತವೆ, ಅದೂ ಹಿಂದಿನ ಪುಟದ ಸಣ್ಣ ಅಕ್ಷರಗಳಲ್ಲಿ. ಗಡುವು ಇನ್ನೂ ಇದ್ದರೆ ಅವತ್ತೇ ಇ-ಮೇಲ್ ಕಳಿಸಿ. ಅದೇ ಪತ್ರವನ್ನು ಕಂಪನಿಯ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಮಾರಿದ ಹುಡುಗನಿಗೆ ಫೋನ್ ಮಾಡುತ್ತಾ ಕೂತರೆ "ಸಾರ್ ಮೀಟಿಂಗ್‌ನಲ್ಲಿದ್ದಾರೆ, ಸೋಮವಾರ ಮಾತಾಡೋಣ" ಎನ್ನುವುದರಲ್ಲೇ ಗಡುವು ಮುಗಿಯುತ್ತದೆ.

ಪತ್ರದಲ್ಲಿ ಕಥೆ ಬೇಡ, ಇಷ್ಟು ಸಾಕು: "ಕರಾರು ಸಂಖ್ಯೆ ಇಂಥದ್ದು, ಇಂಥ ದಿನ ಪಡೆದ ಸದಸ್ಯತ್ವವನ್ನು ಇಂದಿನಿಂದ ರದ್ದು ಮಾಡುತ್ತಿದ್ದೇನೆ. ಕಟ್ಟಿದ ಇಷ್ಟು ರೂಪಾಯಿ 15 ದಿನಗಳೊಳಗೆ ವಾಪಸ್ ಕೊಡಿ. ನನ್ನ ಖಾತೆಯಿಂದ ಇನ್ನು ಹಣ ತೆಗೆಯಬೇಡಿ." ಗಡುವು ಮೀರಿದ್ದರೆ, ಬಾಯಲ್ಲಿ ಹೇಳಿ ಕರಾರಿನಲ್ಲಿ ಬರೆಯದೆ ಬಿಟ್ಟದ್ದನ್ನು ಒಂದೊಂದಾಗಿ ಸೇರಿಸಿ: ಬೇಕೆಂದಾಗ ರೂಮು, ನಿರ್ವಹಣಾ ಶುಲ್ಕ ಏರುವುದಿಲ್ಲ, ಬೇಡವಾದರೆ ನಾವೇ ಮಾರಿಕೊಡುತ್ತೇವೆ ಎಂಬಂಥವು. ವಾಟ್ಸಾಪ್ ಮೆಸೇಜು, ಕೂಪನ್ನು, ರೂಮಿಲ್ಲ ಎಂದ ಇ-ಮೇಲು ಯಾವುದನ್ನೂ ಅಳಿಸಬೇಡಿ. ಹೇಗೂ ದುಡ್ಡು ಕಟ್ಟಿದ್ದೇವಲ್ಲ ಎಂದು ಒಂದು ಟ್ರಿಪ್ ಮುಗಿಸಿ ಬಂದರೆ ನಿಮ್ಮ ವಾದ ಸಡಿಲವಾಗುತ್ತದೆ.

ಜನ ಹೆಚ್ಚು ಎಡವುವುದು ಕಂತಿನಲ್ಲಿ. ಕಂತು ಯಾರಿಗೆ ಹೋಗುತ್ತಿದೆ, ಪಾಸ್‌ಬುಕ್ಕಿನಲ್ಲಿ ನೋಡಿ. ನೇರ ಕಂಪನಿಗೇ ಹೋಗುತ್ತಿದ್ದರೆ ನಿಮ್ಮ ಬ್ಯಾಂಕಿಗೆ ಅರ್ಜಿ ಕೊಟ್ಟು ಆಟೊ ಡೆಬಿಟ್ ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಹಣ ತೆಗೆಯಲು ಕೊಟ್ಟ ಒಪ್ಪಿಗೆ) ರದ್ದು ಮಾಡಿಸಿ. ಸುಮ್ಮನೆ ಖಾತೆ ಖಾಲಿ ಇಟ್ಟರೆ ಬೌನ್ಸ್ ಚಾರ್ಜ್ ನಿಮ್ಮ ತಲೆಗೇ. ಆದರೆ ಕಂತು ಫೈನಾನ್ಸ್ ಕಂಪನಿಗೋ ಕ್ರೆಡಿಟ್ ಕಾರ್ಡಿಗೋ ಹೋಗುತ್ತಿದ್ದರೆ ಆ ಸಾಲ ಬೇರೆಯೇ ಕರಾರು. ಮೆಂಬರ್‌ಶಿಪ್ ರದ್ದು ಮಾಡಿದ್ದೇನೆಂದು ಅದನ್ನು ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಕುಸಿಯುತ್ತದೆ. ಸಾಲ ಕೊಟ್ಟವರಿಗೂ ತಕರಾರು ಪತ್ರ ಬರೆದು, ಕಂತು ಕಟ್ಟುತ್ತಲೇ ಮುಂದುವರಿಯಿರಿ.

ಕಂಪನಿ ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ. ಈ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರನ್ನು ಕಂಪನಿಗೆ ತಲುಪಿಸುತ್ತದೆ, ತೀರ್ಪು ಕೊಡುವುದಿಲ್ಲ.

ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಇದೆ. "ಮುಂಬೈ ಕೋರ್ಟಿನಲ್ಲೇ ವ್ಯಾಜ್ಯ" ಎಂಬ ಸಾಲು ಕಂಡು ಹೆದರಬೇಡಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೈದರಾಬಾದಿನಲ್ಲಿ ಸಹಿ ಹಾಕಿದ ಬೀದರಿನವರು ಬೀದರಿನಲ್ಲೇ ಹಾಕಬಹುದು. ವ್ಯಾಜ್ಯವನ್ನು ಕೋರ್ಟಿನ ಹೊರಗೆ ಮಧ್ಯಸ್ಥಗಾರರೇ ತೀರ್ಮಾನಿಸಬೇಕು ಎಂಬ ಆರ್ಬಿಟ್ರೇಶನ್ ಷರತ್ತು ಇದ್ದರೂ ಅದು ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ. ಗ್ರಾಹಕರ ದೂರಿಗೆಂದು ಸರ್ಕಾರ ನಡೆಸುವ ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು.

ದೂರಿನ ಒಕ್ಕಣೆಯಲ್ಲೊಂದು ಸೂಕ್ಷ್ಮವಿದೆ. "ಕರಾರೇ ಅನ್ಯಾಯದ್ದು, ಷರತ್ತು ರದ್ದು ಮಾಡಿ" ಎಂದು ಕೇಳಿದರೆ ವಿಷಯ ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುತ್ತದೆ. "ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ" ಎಂದು ಬರೆದು ಹಣ ವಾಪಸ್ ಕೇಳಿದರೆ ಜಿಲ್ಲೆಯಲ್ಲೇ ನಡೆಯುತ್ತದೆ. ಕಂತು ನಿಲ್ಲಿಸಲು ಮಧ್ಯಂತರ ಆದೇಶ ಬೇಕಿದ್ದರೆ ಸಾಲ ಕೊಟ್ಟವರನ್ನೂ ಎದುರುದಾರರನ್ನಾಗಿ ಸೇರಿಸಿ.

ಈ ನಡುವೆ "ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ಸಿಕ್ಕಿದ್ದಾನೆ, ಜಿಎಸ್‌ಟಿ ಮೊದಲು ಕಟ್ಟಿ" ಎಂಬ ಕರೆ ಬಂದರೆ ಬಿಡಿಗಾಸೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಆಯೋಗದ ನೋಟಿಸ್ ಮುಟ್ಟಿದ ಮೇಲೆ ಕಂಪನಿಯೇ ರಾಜಿಗೆ ಬರಬಹುದು. ಹಣ ಖಾತೆಗೆ ಬಿದ್ದು, "ಬಾಕಿ ಏನೂ ಇಲ್ಲ" ಎಂಬ ಪತ್ರ ಕೈಸೇರುವವರೆಗೆ ದೂರು ಹಿಂತೆಗೆದುಕೊಳ್ಳಬೇಡಿ.