ಮೂರನೇ ಸಲಕ್ಕೆ ಸಿಕ್ಕ ಕಂದು ಮೆಸೈಟ್

"ಕಾಲ್ ಹಾಕದೆ ಕಂದು ಮೆಸೈಟ್ ಫೋಟೊನಾ? ದುಡ್ಡು ದಂಡ ಕಣಯ್ಯ" ಅಂತ ನಮ್ಮ ಹಕ್ಕಿ ಫೋಟೊ ಗುಂಪಿನವರು ನಕ್ಕಿದ್ದರು. ಮೆಸೈಟ್ ಅಂದರೆ ಮಡಗಾಸ್ಕರಿನ ನೆಲದ ಮೇಲೆ ಓಡಾಡುವ ಹಕ್ಕಿ. ಕಾಲ್ ಹಾಕುವುದು ಅಂದರೆ ರೆಕಾರ್ಡ್ ಮಾಡಿದ ಕೂಗು ಕೇಳಿಸಿ ಹಕ್ಕಿಯನ್ನು ಹತ್ತಿರ ಕರೆಸುವುದು. ಈಗ ಅದೇ ಫೋಟೊ ಅವರೆಲ್ಲರ ಫೋನಿನಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೆಸಿಟಾರ್ನಿಸ್ ಕುಲದಲ್ಲಿ ಇರುವುದು ಎರಡೇ ಜಾತಿಯ ಹಕ್ಕಿ, ಬಿಳಿ ಎದೆಯ ಮೆಸೈಟ್ ಮತ್ತು ಕಂದು ಮೆಸೈಟ್. ಮಡಗಾಸ್ಕರ್ ಬಿಟ್ಟರೆ ಬೇರೆಲ್ಲೂ ಇಲ್ಲ. ಎರಡೂ ಅಳಿವಿನ ಭೀತಿಯಲ್ಲಿರುವ ಜೀವಿಗಳಾಗಿ ಕೆಂಪು ಪಟ್ಟಿಯಲ್ಲಿವೆ. ಮರಿ ಮಾಡುವ ಕಾಲದಲ್ಲಿ ಕಾಲ್ ಹಾಕಿ ಕಾಡಿಸುವುದು ನನಗಂತೂ ಒಗ್ಗಲ್ಲ. ನೈಋತ್ಯದ ಮುಳ್ಳುಕಾಡಿನ ಮೆಸೈಟ್ ಬೇರೆ ಕುಲದ್ದು, ಅದರ ಹುಚ್ಚು ಸದ್ಯಕ್ಕಿಲ್ಲ.

ಬಿಳಿ ಎದೆಯದು ಸುಲಭ. ವಾಯವ್ಯ ಮಡಗಾಸ್ಕರಿನ ಅಂಕರಾಫಂಟ್ಸಿಕಾದ ಒಣ ಕಾಡಿನಲ್ಲಿ ಬೆಳಕು ಧಾರಾಳ. ಎರಡನೇ ಬೆಳಿಗ್ಗೆಯೇ ಮೂರು ಹಕ್ಕಿ ಸಾಲಾಗಿ ತರಗೆಲೆ ಮೇಲೆ ನಡೆದು ಬಂದವು. ಹಿಂದೆ ಯಾರೋ ಕೆಮ್ಮಿದರು. ಒಂದು ಹಾರಿ ಆಳೆತ್ತರದ ಕೊಂಬೆಯಲ್ಲಿ ಕೂತು ಗೊಂಬೆಯಾಗಿಬಿಟ್ಟಿತು. ಹೆದರಿದರೆ ಅದು ಮಾಡುವುದೇ ಹಾಗೆ. ಎದೆಯ ಕಪ್ಪು ಚುಕ್ಕೆ ಎಣಿಸುವಷ್ಟು ಹೊತ್ತು ಸಿಕ್ಕಿತು.

ಕಂದಿನದು ಮಾತ್ರ ಪ್ರಾಣ ಹಿಂಡಿತು. ಇರುವುದು ಪೂರ್ವದ ಮಳೆಕಾಡಿನಲ್ಲಿ. ನಾನು ಹೋದದ್ದು ರನೊಮಫಾನಾಕ್ಕೆ. ಆ ಹೆಸರಿಗೆ ಬಿಸಿನೀರು ಅಂತ ಅರ್ಥವಂತೆ, ನನಗೆ ಸಿಕ್ಕಿದ್ದು ತಣ್ಣನೆ ಮಳೆ ಮತ್ತು ಉಂಬಳ. ಮೊದಲ ಸಲ ಗೈಡ್‌ಗಳು ಸುತ್ತು ಹಾಕಿ ಹಕ್ಕಿಯನ್ನು ನನ್ನ ಕಡೆಗೆ ಅಟ್ಟಿದರು. ಐದು ದಿನ, ಸುಮಾರು 3 ಲಕ್ಷ ರೂಪಾಯಿ, ಸಿಕ್ಕಿದ್ದು ಬರೀ ಬಾಲ! ನಡೆಯುವಾಗ ತಲೆ ಆಡಿಸುತ್ತದೆ, ಹಾಗಾಗಿ 1/60 ಸೆಕೆಂಡಿನ ಶಟರ್ ಸ್ಪೀಡಿನಲ್ಲಿ ಮುಖವೆಲ್ಲ ಕಲಸಿಹೋಗಿತ್ತು. ಸ್ಪೀಡ್ ಏರಿಸಿದರೆ ಬೆಳಕು ಸಾಲದೆ ಕ್ಯಾಮೆರಾದ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 12800ಕ್ಕೆ ಏರಿಸಬೇಕು, ಮುಖದ ತುಂಬ ನಾಯ್ಸ್, ಅಂದರೆ ಕಾಳುಕಾಳು.

ಎರಡನೇ ಸಲ ಜಾಣತನ ತೋರಿಸಲು ಹೋಗಿ ಕ್ಯಾಮೆರಾವನ್ನು ನೆಲದಲ್ಲಿಟ್ಟು ರಿಮೋಟ್ ಹಿಡಿದು ದೂರ ಕೂತೆ. ಬಂದದ್ದು ಪಟ್ಟೆ ಬಾಲದ ಕೆಂಪು ಮುಂಗುಸಿ. ಲೆನ್ಸ್ ಮೂಸಿತು, ಕೆಸರಿಗೆ ಉರುಳಿಸಿತು. ರಿಪೇರಿಗೆ 18 ಸಾವಿರವೋ 20 ಸಾವಿರವೋ ಹೋಯಿತು. ಮುಂಗುಸಿಯ ಮೂಗು ಮಾತ್ರ ಸೂಪರ್ ಶಾರ್ಪ್.

ಮೂರನೇ ಸಲ ಏನೂ ಮಾಡಲಿಲ್ಲ. ಗೈಡ್‌ಗೆ ಕೈಸನ್ನೆಯಲ್ಲೇ ಒಪ್ಪಿಸಿ ಹಿಂದೆ ಕೂರಿಸಿದೆ. ನೆಲಕ್ಕೆ ಬೀನ್‌ಬ್ಯಾಗ್, ಸೈಲೆಂಟ್ ಶಟರ್, ನಾನು ಬೋರಲು. ಮೂರು ದಿನ ಸುಮ್ನೆ ಉಂಬಳಗಳಿಗೆ ಊಟ ಹಾಕಿದೆ. ನಾಲ್ಕನೇ ದಿನ ಒಂಬತ್ತರ ಹೊತ್ತಿಗೆ ತರಗೆಲೆ ಸರಕ್ ಅಂತು. ಆರೇಳು ಅಡಿ ದೂರ. ಕಣ್ಣಿನ ಹಿಂದಿನ ಬಿಳಿ ಗೀರು ಕಂಡ ಮೇಲೇ ಹಕ್ಕಿ ಅಂತ ಗೊತ್ತಾಗಿದ್ದು, ಮೈಯೆಲ್ಲ ಎಲೆಯದೇ ಬಣ್ಣ. ಎಲೆ ಮಗುಚಲು ಕೊಕ್ಕು ಹಾಕಿದಾಗ ತಲೆ ಅರೆಕ್ಷಣ ನಿಲ್ಲುತ್ತದೆ. ಒತ್ತಬೇಕಾದ್ದು ಆಗಲೇ. 1/80ರಲ್ಲಿ ಹನ್ನೊಂದು ಫ್ರೇಮ್, ಮೂರು ಸರಿಯಾಗಿವೆ.

ಅದು ಯಾವ ದಾರಿಯಲ್ಲಿ ಬರುತ್ತದೆ ಅಂತ ಮೊದಲೇ ಹೇಗೆ ಗುರುತಿಸಿದೆ ಅನ್ನುವುದು ನನ್ನಲ್ಲೇ ಇರಲಿ. ನಕ್ಕವರಲ್ಲೇ ಮೂವರು ಅದನ್ನು ಕೇಳಿ ಮೆಸೇಜ್ ಮಾಡಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.