ಕರಟಗಿ ಮಿಲ್ಲಿನ ಆಫೀಸ್ ರೂಮು: ಚದರಡಿ ಬಿಟ್ಟು ಬೋರ್ಡ್ ಎಣಿಸಿದ ನನ್ನ ಲೆಕ್ಕ

ಚದರಡಿ ಲೆಕ್ಕ ಹಾಕಿ, ಮೇಲೆ ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿಸಿ ಪಾರ್ಟಿಷನ್ ಗೋಡೆಗೆ ಜಿಪ್ಸಮ್ ಬೋರ್ಡ್ ತರಿಸೋದನ್ನ ನಾನು ಬಿಟ್ಟು ಎರಡು ವರ್ಷ ಆಯ್ತು. ಬಿಟ್ಟ ಹೊಸದರಲ್ಲಿ ಗಂಗಾವತಿಯಲ್ಲಿ ಈ ಕೆಲಸ ಮಾಡೋರು ಒಬ್ಬರೂ ಒಪ್ಪಲಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೇ, "ಏನಪಾ, ಗ್ವಾಡಿ ನಿಲ್ಲಸಾಕ ಬಂದಿಯೋ, ಇಸ್ಪೀಟ್ ಎಲಿ ಜೋಡಸಾಕ ಬಂದಿಯೋ?" ಅಂದಿದ್ದರು. ಕರಟಗಿಯ ರೈಸ್ ಮಿಲ್ಲಿನ ಕೆಲಸ ಮುಗಿದ ಮೇಲೆ ಅವರೇ ಫೋನ್ ಮಾಡಿ, "ಆ ಲೆಕ್ಕ ಒಂದಿಷ್ಟು ಬರದು ಕೊಡು" ಅಂದರು. ಅವರಿಗೆ ಬರೆದುಕೊಟ್ಟದ್ದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಇಡ್ತಿದ್ದೀನಿ.

ಮೊದಲು ಕೈ ಸುಟ್ಟ ಕಥೆ. ಕೊಪ್ಪಳದಲ್ಲಿ ಒಂದು ಕ್ಲಿನಿಕ್ಕಿಗೆ 22 ಅಡಿ ಉದ್ದದ ಪಾರ್ಟಿಷನ್. ನೆಲದಿಂದ ಸ್ಲ್ಯಾಬಿಗೆ ಹತ್ತೂವರೆ ಅಡಿ. ಎರಡೂ ಮುಖ ಸೇರಿಸಿ, ಬಾಗಿಲು ಕಳೆದು 420 ಚದರಡಿ ಬಂತು. 6×4 ಬೋರ್ಡಿನ 24 ಚದರಡಿಯಿಂದ ಭಾಗಿಸಿದರೆ ಹದಿನೇಳೂವರೆ, ವೇಸ್ಟೇಜ್ ಸೇರಿ 20. ಇಪ್ಪತ್ತೇ ತರಿಸಿದೆ. ಬಿದ್ದದ್ದು 25.

ಎಲ್ಲಿ ಹೋಯ್ತು ಅಂದರೆ, ಕೆಳಗೆ ಆರು ಅಡಿಯ ಬೋರ್ಡ್ ನಿಲ್ಲಿಸಿದ ಮೇಲೆ ನಾಲ್ಕೂವರೆ ಅಡಿ ಉಳೀತದೆ. ಅದಕ್ಕೆ ಇನ್ನೊಂದು ಬೋರ್ಡ್ ಕೊಯ್ದರೆ ಒಂದೂವರೆ ಅಡಿಯ ಪಟ್ಟಿ ಕೈಯಲ್ಲಿ ಉಳೀತು. ಅಂಥ ಪಟ್ಟಿ ಹತ್ತು ಹನ್ನೊಂದು, ಯಾವುದಕ್ಕೂ ಬಾರದವು. ಇಳಿಸುವಾಗ ಮೂಲೆ ಮುರಿದದ್ದು ಬೇರೆ. ಐದು ಬೋರ್ಡಿಗೆ ಅಂತ ಹೊಸಪೇಟೆಗೆ ಗೂಡ್ಸ್ ಗಾಡಿ ಕಳಿಸಿದೆ. ಬೋರ್ಡಿಗೆ 2,000 ಆದರೆ ಗಾಡಿ ಬಾಡಿಗೆಯೇ 1,800, ಇಬ್ಬರು ಹುಡುಗರು ಒಂದು ದಿನ ಸುಮ್ಮನೆ ಕೂತ ಪಗಾರ 1,600. ಲಾಭ ಅನ್ನೋದು ಸಾವಿರ ರೂಪಾಯಿ ಆಚೀಚೆಗೆ ಬಂದು ನಿಂತಿತು.

ಅಷ್ಟಕ್ಕೇ ಮುಗೀಲಿಲ್ಲ. ಕ್ಲಿನಿಕ್ ಅಂದ ಮೇಲೆ ದಿನಾ ಬಕೆಟ್ ನೀರು ಚೆಲ್ಲಿ ಫಿನಾಯಿಲ್ ಹಾಕಿ ನೆಲ ತೊಳೀತಾರೆ. ನಾಲ್ಕು ತಿಂಗಳಿಗೆ ಬೋರ್ಡಿನ ಬುಡ ಮೂರು ಬೆರಳು ಎತ್ತರಕ್ಕೆ ಉಬ್ಬಿ ಪೇಪರ್ ಎದ್ದುಬಂತು. ಕೈಯಿಂದ ನಾಲ್ಕು ಸಾವಿರ ಹಾಕಿ ಸರಿಮಾಡಿಕೊಟ್ಟೆ. ಆ ದಿನ ನೆಲದ ಮೇಲೆ ಕೂತು ಕೊಳೆತ ಬುಡ ಕೊಯ್ಯುವಾಗ ಹೊಳೆಯಿತು: ನನ್ನ ಬೋರ್ಡ್ ಹಾಳಾಗ್ತಿರೋದು ಈ ಅರ್ಧ ಅಡಿಯಲ್ಲೇ, ನನ್ನ ಲೆಕ್ಕ ತಪ್ಪಿಸ್ತಿರೋದೂ ಇದೇ ಅರ್ಧ ಅಡಿ. ಇಲ್ಲಿ ಬೋರ್ಡೇ ಇರಬಾರದು.

ಕರಟಗಿ ಕೆಲಸ ಸಿಕ್ಕಾಗ ಇದನ್ನೇ ಮಾಡಿದೆ. ಮಿಲ್ಲಿನ ಹಾಲಿನ ಒಂದು ಮೂಲೆಯಲ್ಲಿ 14×12ರ ಆಫೀಸ್ ರೂಮು ಬೇಕಿತ್ತು. ಎರಡು ಕಡೆ ಹಳೇ ಗೋಡೆ, ಎರಡು ಕಡೆ ಹೊಸದು. ಎತ್ತರ ಮತ್ತೆ ಅದೇ ಹತ್ತೂವರೆ ಅಡಿ. ಇನ್ನೊಬ್ಬರು ಕೊಟ್ಟ ಕೋಟೇಷನ್ನಲ್ಲಿ 24 ಬೋರ್ಡ್ ಅಂತಿತ್ತು. ನಾನು ಮಕ್ಕಳ ಚೌಕಳಿ ನೋಟ್‌ಬುಕ್ ತಗೊಂಡು, ಒಂದು ಮನೆಗೆ ಒಂದು ಅಡಿ ಅಂತ ಹಿಡಿದು, ನಾಲ್ಕು ಮುಖಾನೂ ಬಿಡಿಸಿ ಒಂದೊಂದು ಬೋರ್ಡಿಗೂ ನಂಬರ್ ಹಾಕಿದೆ.

ಕೆಳಗೆ ಸಣ್ಣ ಜಲ್ಲಿ ಕಾಂಕ್ರೀಟಿನ ಕಟ್ಟೆ, ಮೂರು ಇಂಚು ಅಗಲ. ಎರಡು ಇಂಚಿನ ಸ್ಟಡ್ (ಗೋಡೆ ಒಳಗೆ ನಿಲ್ಲಿಸೋ ತಗಡಿನ ಕಂಬ), ಎರಡು ಕಡೆ ಅರ್ಧರ್ಧ ಇಂಚಿನ ಬೋರ್ಡ್, ಸರಿಯಾಗಿ ಮೂರು ಇಂಚು. ಕಟ್ಟೆಯ ಎತ್ತರ ಐದೂವರೆ ಇಂಚು. ಮೇಲೆ ಅರ್ಧ ಇಂಚು ಸಂದಿ ಬಿಟ್ಟರೆ ನಡುವೆ ಉಳಿಯೋದು ಹತ್ತು ಅಡಿ. ಹತ್ತು ಅಂದರೆ ಆರು ಮತ್ತು ನಾಲ್ಕು! ಕೆಳಗೆ ಬೋರ್ಡ್ ಉದ್ದಕ್ಕೆ ನಿಲ್ಲಿಸು, ಮೇಲೆ ಅಡ್ಡ ಮಲಗಿಸು. 12 ಅಡಿ ಗೋಡೆಗೆ ಕೆಳಗೆ ಮೂರು, ಮೇಲೆ ಎರಡು, ಒಟ್ಟು ಐದು. ಒಂದು ಇಂಚು ತುಂಡೂ ಬೀಳಲ್ಲ. 14 ಅಡಿ ಗೋಡೆಯಲ್ಲಿ ಉಳಿಯೋ ಎರಡು ಅಡಿಗೆ ಒಂದು ಬೋರ್ಡನ್ನ ಉದ್ದಕ್ಕೆ ಸೀಳಿದರೆ ಆಯ್ತು. ನಾಲ್ಕು ಮುಖಕ್ಕೆ 22, ಬಾಗಿಲ ಜಾಗದಲ್ಲಿ ಉಳಿದ ತುಂಡುಗಳನ್ನ ಸರಿಯಾಗಿ ಕೂರಿಸಿದ್ದಕ್ಕೆ 21. ಮುರಿದರೆ ಇರಲಿ ಅಂತ ಒಂದು ಜಾಸ್ತಿ. ಒಟ್ಟು 22 ತರಿಸಿದೆ, ಒಂದು ಹಾಗೇ ಉಳಿಯಿತು.

ಹಿಂದಿನ ಮುಖದಲ್ಲಿ ಇದನ್ನೇ ತಿರುವಿಹಾಕಬೇಕು: ಕೆಳಗೆ ಅಡ್ಡ, ಮೇಲೆ ಉದ್ದ. ಆಗ ಒಂದು ಕಡೆಯ ಜಾಯಿಂಟ್ ಆರು ಅಡಿಗೆ ಬಂದರೆ ಇನ್ನೊಂದು ಕಡೆಯದು ನಾಲ್ಕು ಅಡಿಗೆ ಬರ್ತದೆ. ಅಡ್ಡ ಜಾಯಿಂಟಿನ ಹಿಂದೆ ಆಧಾರ ಕೊಡದೆ ಸ್ಕ್ರೂ ಹೊಡೆಯೋರು ಆಮೇಲೆ ಕ್ರ್ಯಾಕ್ ಬಂತು ಅಂತ ಬೋರ್ಡನ್ನ ಬೈಬಾರದು. ಆಧಾರಕ್ಕೆ ನಾನು ಬೇರೆ ಸರಕು ತರಿಸಲಿಲ್ಲ. ಸ್ಟಡ್ ಬರೋದು 12 ಅಡಿ, ನಮಗೆ ಬೇಕಾದ್ದು 10. ಕೊಯ್ದಾಗ ಉಳಿಯೋ ಎರಡು ಅಡಿ ತುಂಡು ಎರಡು ಸ್ಟಡ್ ನಡುವಿನ ಅಂತರಕ್ಕೆ ಅಳತೆ ಮಾಡಿದ ಹಾಗೆ ಕೂರ್ತದೆ. 18 ಸ್ಟಡ್ಡಿಗೆ 18 ತುಂಡು, ಸಾಲದ್ದಕ್ಕೆ ಚಾನೆಲ್ (ಸ್ಟಡ್ ಕೂರಿಸೋಕೆ ಮೇಲೆ ಕೆಳಗೆ ಹೊಡೆಯೋ ತಗಡಿನ ಪಟ್ಟಿ) ಉಳಿಕೆ.

ಆ ಹಾಲಿನ ಸ್ಲ್ಯಾಬ್ ಒಂದು ತುದಿಯಿಂದ ಇನ್ನೊಂದಕ್ಕೆ ಮುಕ್ಕಾಲು ಇಂಚು ಇಳಿದಿತ್ತು. ಟ್ಯೂಬ್ ಲೆವೆಲ್ ಹಿಡಿದು ಆ ವ್ಯತ್ಯಾಸವನ್ನ ಕಟ್ಟೆಯಲ್ಲೇ ನುಂಗಿಸಿದೆ, ಬೋರ್ಡಿಗೆ ತಾಗಗೊಡಲಿಲ್ಲ. ಗೌಂಡಿ ಮಾತ್ರ "ಕಟ್ಟಿ ಯಾಕ ವಾರಿ ಆಗೇದ?" ಅಂತ ಎರಡು ಸಲ ಕೇಳಿದ.

ಖರ್ಚು ನೆನಪಿದ್ದಷ್ಟು ಹೇಳ್ತೀನಿ. ಬೋರ್ಡ್ 400ರ ಹಾಗೆ 8,800. ಸ್ಟಡ್ 3,600, ಚಾನೆಲ್ 5 ಉದ್ದಕ್ಕೆ 850. ಸ್ಕ್ರೂ ಒಂದು ಸಾವಿರದ ಡಬ್ಬಿ (ಆರುನೂರು ಚಿಲ್ಲರೆ ಹೋಯ್ತು), ಫಾಸ್ಟನರ್ ಸೇರಿ ಸಾವಿರ. ಜಾಯಿಂಟ್ ಕಾಂಪೌಂಡ್ ಎರಡು ಚೀಲ, ಟೇಪು, 1,300. ಕಟ್ಟೆಗೆ ಸಿಮೆಂಟು, ಜಲ್ಲಿ, ಗೌಂಡಿ ಕೂಲಿ 1,500. ಸದ್ದು ತಡೆಯೋಕೆ ಗೋಡೆ ಒಳಗೆ ತುಂಬಿದ ಗ್ಲಾಸ್‌ವೂಲ್ (ಗಾಜಿನ ಎಳೆಯ ಹತ್ತಿ) 3,800. ಹುಡುಗರ ಕೂಲಿ 8,000, ಗಾಡಿ ಒಂದೇ ಸಲ, 1,200. ಒಟ್ಟು ಮೂವತ್ತು ಸಾವಿರ. ಬಾಗಿಲು, ಪೇಂಟ್ ಬೇರೆ. ಸಾಹುಕಾರರಿಗೆ 36,000 ಹೇಳಿದ್ದೆ, ಒಂದು ರೂಪಾಯಿ ಮೇಲೆ ಕೇಳಲಿಲ್ಲ. ಇಟ್ಟಿಗೆ ಗೋಡೆ ಕಟ್ಟಿಸಿದ್ದರೆ ಕ್ಯೂರಿಂಗು, ಪ್ಲಾಸ್ಟರು ಅಂತ ಮೂರು ವಾರ ಆಗ್ತಿತ್ತು. ನಾನು ಆರನೇ ದಿನ ಕೀಲಿ ಕೊಟ್ಟೆ.

ಗ್ಲಾಸ್‌ವೂಲ್ ವಿಷಯಕ್ಕೆ ಬಂದೆ, ಅದರದ್ದೂ ಒಂದು ಪ್ರಯೋಗ ಆಗಿದೆ. ಮಿಲ್ಲಿನಲ್ಲಿ ಭತ್ತದ ಹೊಟ್ಟು ರಾಶಿ ರಾಶಿ ಇರ್ತದೆ. ಅದನ್ನೇ ಗೋಡೆ ಒಳಗೆ ತುಂಬಿದರೆ ಮಷಿನ್ ಸದ್ದೂ ತಡೀತದೆ, ನಾಲ್ಕು ಸಾವಿರವೂ ಉಳೀತದೆ ಅಂತ, ಮೊದಲೇ ನನ್ನ ಸ್ವಂತ ಗೋಡೌನಿನಲ್ಲಿ ಎಂಟು ಅಡಿ ಪಾರ್ಟಿಷನ್ನಿಗೆ ತುಂಬಿ ನೋಡಿದ್ದೆ. ಸದ್ದು ತಡೆದದ್ದು ನಿಜ. ಆದರೆ ಎರಡು ತಿಂಗಳಲ್ಲಿ ಹೊಟ್ಟು ಕುಸಿದು ಮೇಲಿನ ಎರಡು ಅಡಿ ಖಾಲಿ. ಹೊಟ್ಟಿನ ಜೊತೆ ಉಳಿದಿದ್ದ ನುಚ್ಚಿನ ವಾಸನೆಗೆ ಇಲಿ ಬಂದು ಬುಡದಲ್ಲಿ ಬೋರ್ಡ್ ಕೊರೆದವು. ಬೆಂಕಿ ಭಯವಂತೂ ಇದ್ದೇ ಇತ್ತು. ಸಣ್ಣ ಚೀಲಗಳಲ್ಲಿ ಕಟ್ಟಿ ಇಟ್ಟು ನೋಡಿದೆ, ಅದೂ ಕೈ ಹಿಡೀಲಿಲ್ಲ. ಆ ದಾರಿಗೆ ಹೋಗಬೇಡಿ.

ಮಿಲ್ ಅಂದಮೇಲೆ ನೆಲ ಸದಾ ಅದುರ್ತದೆ. ಹಳೇ ಗೋಡೆಗೆ ಹೊಸ ಬೋರ್ಡ್ ಸೇರುವಲ್ಲಿ ಟೇಪ್ ಹಾಕಿ ಬಿಗಿಮಾಡಿದ್ದೆ, ಒಂದೇ ವಾರಕ್ಕೆ ಕೂದಲೆಳೆ ಕ್ರ್ಯಾಕ್ ಬಂತು. ಟೇಪ್ ಕಿತ್ತು, ಪೇಂಟ್ ಹಿಡಿಯೋ ಸೀಲಂಟ್ ತುಂಬಿದೆ. ಆಮೇಲೆ ಎರಡು ಸುಗ್ಗಿ ಕಳೆದಿವೆ, ಗೆರೆ ಬಂದಿಲ್ಲ. ಮೇಲಿನ ಅರ್ಧ ಇಂಚು ಸಂದಿಯಲ್ಲಿ ಏನು ಹಾಕ್ತೀನಿ ಅನ್ನೋದನ್ನ ಹೇಳಲ್ಲ, ಅದು ನನ್ನ ಹೊಟ್ಟೆಪಾಡು. ಏಪ್ರಿಲ್ ಮೇ ಬಿಸಿಲಿನಲ್ಲಿ ಕಾಂಪೌಂಡ್ ಪಾತ್ರೆಯಲ್ಲೇ ಬಿಗಿಯಾಗದ ಹಾಗೆ ಹೇಗೆ ಕಲಸ್ತೀನಿ ಅನ್ನೋದೂ ಅಷ್ಟೇ. ಬೆಳಗ್ಗೆ ಹತ್ತರೊಳಗೆ ಜಾಯಿಂಟ್ ಮುಗಿಸಿ ಅಂತ ಮಾತ್ರ ಹೇಳಬಲ್ಲೆ. ಬೋರ್ಡನ್ನ ಗೋಡೆಗೆ ಒರಗಿಸಿ ಇಡಬೇಡಿ, ಬಿಲ್ಲಿನಂತೆ ಬಾಗ್ತವೆ. ರೀಪು ಹಾಸಿ ಮಲಗಿಸಿ ಇಡಿ.

ಒಂಬತ್ತು ಅಡಿಗೂ ಇದೇ ಲೆಕ್ಕ ನಡೀತದೆ: ಆರು, ಮೇಲೆ ಮೂರು, ಒಂದು ಬೋರ್ಡ್ ಸರಿಯಾಗಿ ಎರಡು ಹೋಳು. ಹನ್ನೊಂದು ಅಡಿ ಬಂದರೆ ಕಷ್ಟ. ಮೇಸ್ತ್ರಿ ಈಗ ಗಂಗಾವತಿಯಲ್ಲಿ ಹಿಡಿದಿರೋ ಕೆಲಸ ಹನ್ನೊಂದು ಅಡಿಯದೇ. ಕೆಳಗೆ ಕಟ್ಟೆ ಹಾಕಿ, ಮೇಲೆ ಅರ್ಧ ಅಡಿ ಗಾಜಿನ ಪಟ್ಟಿ ಬಿಟ್ಟು ನಡುವೆ ಹತ್ತು ಉಳಿಸಿಕೊಳ್ಳಿ ಅಂದೆ. ಸೋಮವಾರ ಇಬ್ಬರೂ ಕೂತು ಚೌಕಳಿ ಪುಸ್ತಕದಲ್ಲಿ ಬಿಡಿಸ್ತೀವಿ.